ಕೆಂಪು ಕಂದಕದ ನಡುಹಗಲು: ಬೀದರ್, ಔರಾದ, ಭಾಲ್ಕಿಗೆ ಕ್ಯಾಮೆರಾ ಪ್ರವಾಸ

ಬೀದರ್ ಕೋಟೆಯ ಕಂದಕವನ್ನು ಚೆನ್ನಾಗಿ ಸೆರೆಹಿಡಿಯಬೇಕೆನ್ನುವವರು ಕೋಳಿ ಕೂಗುವ ಮೊದಲೇ ಏಳಬೇಕಾಗಿಲ್ಲ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಹೋಗಿ, ನಿಧಾನವಾಗಿ ನಾಷ್ಟಾ ಮುಗಿಸಿ, ಹನ್ನೊಂದರ ಸುಮಾರಿಗೆ ಕೋಟೆಯ ಬಾಗಿಲು ದಾಟಿದರೆ ಸಾಕು. ಭೂದೃಶ್ಯದ ಫೋಟೊ ಎಂದರೆ ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನದೇ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಬಯಲಿಗೆ, ಕೆರೆದಂಡೆಗೆ, ಬೆಟ್ಟದ ತುದಿಗೆ ಆ ಮಾತು ಸರಿ. ಬಂಡೆಯನ್ನು ಆಳವಾಗಿ ಸೀಳಿದ ಜಾಗದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಬೆಳಿಗ್ಗೆ ಏಳಕ್ಕೂ ನೆರಳು, ಸಂಜೆ ಐದೂವರೆಗೂ ನೆರಳು. ಬಿಸಿಲು ತಳಕ್ಕೆ ಇಳಿಯುವುದು ನಡುಹಗಲಲ್ಲಿ, ಉಳಿದವರೆಲ್ಲ ಕ್ಯಾಮೆರಾ ಮುಚ್ಚಿಟ್ಟು ಊಟಕ್ಕೆ ಕುಳಿತಾಗ.

ಈ ಲೆಕ್ಕವನ್ನು ಜಗತ್ತಿಗೆ ಕಲಿಸಿದ್ದು ಅಮೆರಿಕದ ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್. ಪೇಜ್ ಎಂಬ ಊರಿನ ಬಳಿ, ನವಾಹೊ ಜನರ ನೆಲದಲ್ಲಿ, ಮಳೆನೀರು ಮರಳುಗಲ್ಲನ್ನು ಕೊರೆದು ಮಾಡಿದ ಕಿರುಗಂದರ ಅದು. ಬೇಸಿಗೆಯ ತಿಂಗಳುಗಳ ನಡುಹಗಲಲ್ಲಿ ಮೇಲಿನ ಸೀಳಿನಿಂದ ಬೆಳಕಿನ ಕೋಲುಗಳು ಇಳಿಯುತ್ತವೆ. ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದಿಲ್ಲ. 1997ರ ಆಗಸ್ಟ್ 12ರಂದು ದೂರದಲ್ಲೆಲ್ಲೋ ಸುರಿದ ಮಳೆ ಅಲ್ಲಿಗೆ ಪ್ರವಾಹವಾಗಿ ನುಗ್ಗಿ 11 ಪ್ರವಾಸಿಗರು ತೀರಿಕೊಂಡರು. ನಮ್ಮ ಕ್ಯಾಮೆರಾ ಬಳಗದವರಿಗೆ ಅಲ್ಲಿಯದೇ ಕನಸು. ವೀಸಾ ಸಿಗದವರು ಆಂಧ್ರದ ಗಂಡಿಕೋಟಕ್ಕೆ ಹೋಗಿ ಪೆನ್ನಾ ನದಿಯ ಕಮರಿಯ ಅಂಚಿನಲ್ಲಿ ನಿಲ್ಲುತ್ತಾರೆ. ಎರಡೂ ಒಳ್ಳೆಯ ಜಾಗಗಳೇ. ಆದರೆ ಕೆಂಪು ಬಂಡೆ, ಕಡಿದಾದ ಗೋಡೆ, ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿಯುವ ಬೆಳಕು ಇಷ್ಟೇ ಬೇಕೆಂದರೆ ಕರ್ನಾಟಕದ ಕಿರೀಟದಲ್ಲೇ ಇದೆ. ಒಂದೇ ವ್ಯತ್ಯಾಸ, ಇದನ್ನು ನೀರು ಕೊರೆದದ್ದಲ್ಲ, ಮನುಷ್ಯರು ಕಡಿದದ್ದು.

ಬೀದರ್ ಮರುಭೂಮಿಯಲ್ಲ, ಮಳೆಗಾಲದಲ್ಲಿ ಹೊಲವೆಲ್ಲ ಹಸಿರಾಗುವ ಸೀಮೆ. ಮರುಭೂಮಿಯ ನೆನಪು ತರುವುದು ಅದರ ಕಲ್ಲು. ದಖ್ಖನ್ನಿನ ಬಸಾಲ್ಟ್ ಲಾವಾ ಹರಿದು ತಣ್ಣಗಾಗಿ ಸುಮಾರು 6.6 ಕೋಟಿ ವರ್ಷ ಆಗಿದೆ. ಅದರ ಮೇಲ್ಪದರ ಬಿಸಿಲು ಮಳೆಗೆ ಕೊಳೆತು, ಕಬ್ಬಿಣದ ಅಂಶ ಉಳಿದು, ತುಕ್ಕು ಬಣ್ಣದ ಜಂಬಿಟ್ಟಿಗೆ ಕಲ್ಲಾಯಿತು. ಬೀದರ್ ಪಟ್ಟಣ ನಿಂತಿರುವುದು ಸಮುದ್ರಮಟ್ಟದಿಂದ ಹತ್ತಿರಹತ್ತಿರ 700 ಮೀಟರ್ ಎತ್ತರದ ಈ ಕೆಂಪು ಪ್ರಸ್ಥಭೂಮಿಯ ತುದಿಯಲ್ಲಿ. ಜಂಬಿಟ್ಟಿಗೆಯ ಮೈತುಂಬ ತೂತು. ಮೇಲೆ ಬಿದ್ದ ಮಳೆ ಸೋಸಿ ಕೆಳಗಿಳಿದು, ಅಡಿಯಲ್ಲಿ ನೀರು ಬಿಡದ ಪದರ ಸಿಕ್ಕಿದ ಕಡೆ ಅಡ್ಡ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಊಟೆಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಎಲ್ಲವೂ ಈ ಕಲ್ಲಿನಿಂದ ಹುಟ್ಟಿದ ನೀರೇ. ಫೋಟೊಗ್ರಾಫರಿಗೆ ಇದು ಬರಿಯ ಭೂಗೋಳದ ಪಾಠವಲ್ಲ. ಕೆಂಪು ಕಲ್ಲಿನ ಅಂಚು ಎಲ್ಲಿ ಕುಸಿದು ಕೆಳಗಿನ ಬಯಲು ತೆರೆಯುತ್ತದೋ ಅಲ್ಲಿ ಚಿತ್ರವಿದೆ. ನಕ್ಷೆಯಲ್ಲಿ ಆ ಅಂಚನ್ನು ಬೆರಳಿಟ್ಟು ಹಿಂಬಾಲಿಸಿದರೆ ಅರ್ಧ ಯೋಜನೆ ಮುಗಿದಂತೆ.

ಬಹಮನಿ ಸುಲ್ತಾನ ಒಂದನೇ ಅಹಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು ಹದಿನೈದನೇ ಶತಮಾನದ ಮೊದಲ ಅರ್ಧದಲ್ಲಿ. ಕೋಟೆಯ ಒಂದು ಬದಿಗೆ ಪ್ರಸ್ಥಭೂಮಿಯ ಅಂಚೇ ಕಡಿದಾಗಿ ಇಳಿಯುವುದರಿಂದ ಅಲ್ಲಿ ಹೆಚ್ಚಿನ ರಕ್ಷಣೆ ಬೇಕಾಗಲಿಲ್ಲ. ಪಟ್ಟಣದ ಕಡೆ, ದಕ್ಷಿಣದಲ್ಲಿ, ನೆಲ ಮಟ್ಟಸ. ಅಲ್ಲಿ ಬಂಡೆಯನ್ನೇ ಕಡಿದು ಮೂರು ಸಾಲಿನ ಕಂದಕ ಮಾಡಿದರು. ನಡುವೆ ಉಳಿಸಿದ ಬಂಡೆಯ ಗೋಡೆಗಳು ಈಗಲೂ ನಿಂತಿವೆ. ಜಂಬಿಟ್ಟಿಗೆ ನೆಲದೊಳಗಿರುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಅಂದು ಉಳಿಗೆ ದಾರಿ ಬಿಟ್ಟ ಕಲ್ಲೇ ಮುಂದೆ ಗಡಸಾಗಿ ಆರು ಶತಮಾನ ತಾಳಿಕೊಂಡಿತು.

ಈಗ ಬೆಳಕಿನ ಲೆಕ್ಕ. ಬೀದರ್ ಇರುವುದು ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ 49 ಡಿಗ್ರಿಯಷ್ಟೇ ಮೇಲೇರುತ್ತಾನೆ. ಪೂರ್ವ–ಪಶ್ಚಿಮವಾಗಿ ಹರಿದ ಕಂದಕದ ಭಾಗದಲ್ಲಿ ಆಗ ಕೋಟೆಯ ಬದಿಯ ಗೋಡೆಗೆ ನೇರ ಬಿಸಿಲು, ಎದುರಿನ ಗೋಡೆಗೆ ಪೂರ್ತಿ ನೆರಳು. ಬಿಸಿಲು ಬಿದ್ದ ಕೆಂಪು ಗೋಡೆ ತನ್ನ ಬಣ್ಣವನ್ನು ನೆರಳಿನ ಗೋಡೆಗೆ ಎರಚುತ್ತದೆ. ಕ್ಯಾಮೆರಾ ತಿರುಗಿಸಬೇಕಾದದ್ದು ಆ ನೆರಳಿನ ಕಡೆಗೆ. ಬಿಸಿಲಿನ ಗೋಡೆ ಬೆಳ್ಳಗೆ ಸುಟ್ಟಂತೆ ಬರುತ್ತದೆ, ನೆರಳಿನ ಗೋಡೆ ಒಳಗಿನಿಂದ ಬೆಳಗಿದಂತೆ. ಆಂಟಿಲೋಪ್‌ನ ಹೆಸರಾಂತ ಚಿತ್ರಗಳ ಹೊಳಪೂ ಹೆಚ್ಚಾಗಿ ಇಂಥ ಪುಟಿದ ಬೆಳಕಿನದೇ.

ಗಡಿಯಾರದ ನಡುಹಗಲು ಬೇರೆ, ಸೂರ್ಯನ ನಡುಹಗಲು ಬೇರೆ ಎನ್ನುವುದನ್ನು ನೆನಪಿಡಿ. ನಮ್ಮ ಪ್ರಮಾಣ ಸಮಯ 82.5 ಡಿಗ್ರಿ ರೇಖಾಂಶದ್ದು, ಬೀದರ್ ಅದರಿಂದ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ಇಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ನೆತ್ತಿಯ ರೇಖೆ ದಾಟುವುದು ಹನ್ನೆರಡೂಕಾಲು ಕಳೆದ ಮೇಲೆ, ಜನವರಿ ನಡುವಿನಲ್ಲಿ ಹನ್ನೆರಡೂವರೆಗೆ. ಅದರ ಹಿಂದಿನ ಒಂದೂವರೆ ತಾಸು, ಮುಂದಿನ ಒಂದೂವರೆ ತಾಸು ಕಂದಕದ್ದು. ಮೇ ತಿಂಗಳಲ್ಲಿ ಇದೇ ಆಟ ಆಡಲು ಹೋಗಬೇಡಿ. ಸೂರ್ಯ ನೆತ್ತಿಯ ಮೇಲೆಯೇ ಇದ್ದು ಎರಡೂ ಗೋಡೆ ಚಪ್ಪಟೆಯಾಗುತ್ತವೆ, ನಲವತ್ತು ಡಿಗ್ರಿ ಸೆಕೆಯಲ್ಲಿ ನೀವೂ ಚಪ್ಪಟೆಯಾಗುತ್ತೀರಿ.

ಕ್ಯಾಮೆರಾ ಸೆಟ್ಟಿಂಗಿನಲ್ಲಿ ದೊಡ್ಡ ಶತ್ರು ಆಟೊ ವೈಟ್ ಬ್ಯಾಲೆನ್ಸ್. ಚೌಕಟ್ಟಿನ ತುಂಬ ಕೆಂಪು ಕಂಡರೆ ಅದು ತಪ್ಪೆಂದುಕೊಂಡು ನೀಲಿ ಸುರಿದು ಕಲ್ಲನ್ನು ಬೂದಿ ಮಾಡುತ್ತದೆ. ಡೇಲೈಟ್ ಎಂದು ಗಟ್ಟಿ ಮಾಡಿಬಿಡಿ, ರಾ ಫೈಲ್‌ನಲ್ಲೇ ತೆಗೆಯಿರಿ. ಹಿಸ್ಟೊಗ್ರಾಂನಲ್ಲಿ ಮೂರೂ ಬಣ್ಣ ಬೇರೆಬೇರೆಯಾಗಿ ಕಾಣುವಂತೆ ಇಟ್ಟುಕೊಳ್ಳಿ. ಒಟ್ಟು ಬೆಳಕು ಸರಿಯಾಗಿ ತೋರುತ್ತಿದ್ದರೂ ಕೆಂಪೊಂದೇ ಮಿತಿ ಮೀರಿ ಕಲ್ಲಿನ ತೂತುಗಳೆಲ್ಲ ಅಳಿಸಿಹೋಗುವುದುಂಟು, ಮೂರನೇ ಎರಡು ಸ್ಟಾಪ್ ಕಡಿಮೆ ಎಕ್ಸ್‌ಪೋಷರ್ ಇಟ್ಟರೆ ಪಾರಾಗಬಹುದು. ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ಇಡಲೇಬೇಕೆಂದರೆ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫೋಟೊ ತೆಗೆದು ಮನೆಯಲ್ಲಿ ಬೆಸೆಯಿರಿ. ಎಲ್ಲರೂ ವೈಡ್ ಲೆನ್ಸ್ ಒಂದನ್ನೇ ಹೊತ್ತು ಹೋಗುತ್ತಾರೆ. ನನ್ನನ್ನು ಕೇಳಿದರೆ ಇಲ್ಲಿ 70–200 ಹೆಚ್ಚು ದುಡಿಯುತ್ತದೆ. ಮೂರು ಕಂದಕ, ನಡುವಿನ ಎರಡು ಬಂಡೆಗೋಡೆ, ಹಿಂದಿನ ಕೋಟೆಗೋಡೆ ಎಲ್ಲವನ್ನೂ ಒಂದರ ಮೇಲೊಂದು ಒತ್ತಿ ಪದರಪದರವಾಗಿ ತೋರಿಸುವುದು ಅದೇ. ಮಳೆ ನಿಂತ ಮರುದಿನವಾದರೆ ಪೋಲರೈಸರ್ ಹಾಕಿ. ಒದ್ದೆ ಕಲ್ಲಿನ ಹೊಳಪು ಹೋಗಿ ಕೆಂಪು ಉಕ್ಕುತ್ತದೆ.

ಕಂದಕಕ್ಕೆ ಇಳಿಯುವ ಆಸೆ ಯಾರಿಗಾದರೂ ಬರುತ್ತದೆ, ಕಾವಲಿನವರು ಬೇಡವೆಂದ ಕಡೆ ಬೇಡ. ಅಂಚಿನ ಜಂಬಿಟ್ಟಿಗೆ ನೋಡಲು ಬಂಡೆ, ಕಾಲಿಟ್ಟರೆ ಜಲ್ಲಿಯಾಗಿ ಉದುರುತ್ತದೆ. ಹಳೆಯ ಕಮಾನುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಫ್ಲಾಷ್, ಅತ್ತರು, ಗದ್ದಲ ಮೂರನ್ನೂ ದೂರವಿಡಿ. ಹುಲ್ಲು ಎತ್ತರಕ್ಕಿರುವ ಅಕ್ಟೋಬರಿನಲ್ಲಿ ಹಾವಿನ ಭಯ ನಿಜವಾದದ್ದು, ಬೂಟು ಬೇಕೇ ಬೇಕು.

ಅನುಮತಿಯ ವಿಷಯವನ್ನು ಮನೆ ಬಿಡುವ ಮೊದಲೇ ಮುಗಿಸಿಕೊಳ್ಳಿ. ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಬಹಮನಿ ಗೋರಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ತಕರಾರಿಲ್ಲ, ಟ್ರೈಪಾಡ್ ಊರಿದ ಕೂಡಲೇ ಪ್ರಶ್ನೆ ಏಳುತ್ತದೆ. ಅದಕ್ಕೆ ಇಲಾಖೆಯ ಲಿಖಿತ ಒಪ್ಪಿಗೆ ಬೇಕು, ಕೊನೆಯ ಗಳಿಗೆಯಲ್ಲಿ ಬಾಗಿಲಲ್ಲಿ ಗೋಗರೆದು ಫಲವಿಲ್ಲ. ರಂಗೀನ್ ಮಹಲಿನಂಥ ಕೆಲವು ಭಾಗಗಳಿಗೆ ಬೀಗ ಹಾಕಿರುತ್ತಾರೆ, ಕೋಟೆಯೊಳಗಿನ ಕಚೇರಿಯಲ್ಲಿ ವಿನಯದಿಂದ ವಿಚಾರಿಸಿ. ತೆರೆಯುವ, ಮುಚ್ಚುವ ಹೊತ್ತನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಡ್ರೋನ್ ಮನೆಯಲ್ಲೇ ಇರಲಿ. ಬೀದರ್‌ನಲ್ಲಿ ವಾಯುಪಡೆಯ ನೆಲೆಯಿದೆ, ಸೂರ್ಯಕಿರಣ್ ತಂಡದ ಊರೂ ಇದೇ. ಊರಿನ ಸುತ್ತಲಿನ ಆಕಾಶ ನಮ್ಮ ಆಟಕ್ಕಲ್ಲ. 250 ಗ್ರಾಂನೊಳಗಿನ ಪುಟ್ಟ ಡ್ರೋನಿಗೆ ನಿಯಮವಿಲ್ಲ ಎಂದು ಹೇಳುವವರಿದ್ದಾರೆ. 2021ರ ಡ್ರೋನ್ ನಿಯಮಗಳಲ್ಲಿ ಕೆಂಪು ವಲಯ ಎಲ್ಲಕ್ಕೂ ಕೆಂಪೇ. ಔರಾದ, ಭಾಲ್ಕಿಯ ಕಡೆಯೂ ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು.

ಆಂಟಿಲೋಪ್‌ನ ಬೆಳಕಿನ ಕೋಲಿಗೆ ಬೀದರ್‌ನಲ್ಲಿ ಸಮನಾದದ್ದು ಏನು ಎಂದರೆ ನೌಬಾದಿನ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ಪರ್ಷಿಯಾದಿಂದ ಬಂದ ವಿದ್ಯೆ. ಜಂಬಿಟ್ಟಿಗೆಯ ಅಡಿಯಲ್ಲಿ ನೀರು ಹರಿಯಲು ಸುರಂಗ, ಅದಕ್ಕೆ ಮೇಲಿನಿಂದ ಸಾಲಾಗಿ ಇಳಿಸಿದ ಬಾವಿಯಂಥ ತೆರಪುಗಳು. ನೆಟ್ಟಗೆ ಇಳಿದ ಬಾವಿಯ ತಳಕ್ಕೆ ಬಿಸಿಲು ಮುಟ್ಟಬೇಕಾದರೆ ಸೂರ್ಯ ನೆತ್ತಿಯ ಮೇಲೆ ನಿಲ್ಲಬೇಕು. ಬೀದರ್‌ನ ಅಕ್ಷಾಂಶದಲ್ಲಿ ಅದು ವರ್ಷಕ್ಕೆ ಎರಡು ಸಲ, ಮೇ ಎರಡನೇ ವಾರ ಮತ್ತು ಜುಲೈ ಮುಗಿದು ಆಗಸ್ಟ್ ಹುಟ್ಟುವ ದಿನಗಳು. ಎರಡನೆಯದು ಮೋಡದ ಪಾಲು. ಹಾಗಾಗಿ ಮೇ ತಿಂಗಳಲ್ಲಿ ಬರುವ ಧೈರ್ಯ ಇರುವವರಿಗೆ ಬೀದರ್ ಕೊಡುವ ಬಹುಮಾನ ಇದೊಂದೇ: ಹನ್ನೆರಡೂಕಾಲರ ಸುಮಾರಿಗೆ ಕೆಲವೇ ನಿಮಿಷ ನಿಲ್ಲುವ ಬಿಸಿಲಿನ ಕಂಬ. ತೆರಪಿನ ಬಾಯಿಗೆ ಬಗ್ಗಬೇಡಿ, ಸುರಂಗಕ್ಕೆ ಒಬ್ಬರೇ ಇಳಿಯಬೇಡಿ, ಸ್ಥಳೀಯರನ್ನು ಜೊತೆಗೆ ಕರೆದುಕೊಳ್ಳಿ.

ಬೆಳಗಿನ ಜಾವ ಏಳಲೇಬೇಕಾದ ಜಾಗ ಅಷ್ಟೂರು, ಪಟ್ಟಣದಿಂದ ಪೂರ್ವಕ್ಕೆ ನಾಲ್ಕು ಕಿಲೊಮೀಟರಿನಷ್ಟು. ಬಹಮನಿ ಸುಲ್ತಾನರ ಗೋರಿಗಳು ಬಯಲಲ್ಲಿ ಸಾಲಾಗಿ ನಿಂತಿವೆ. ದಾರಿಯಲ್ಲಿ ಎತ್ತರದ ಮೇಲೆ ಎಂಟು ಮೂಲೆಯ ಚೌಖಂಡಿ ಇದೆ, ಕಿರ್ಮಾನಿನ ಸಂತ ಶಾಹ ನಿಅಮತುಲ್ಲಾರ ಮಗ ಖಲೀಲುಲ್ಲಾರದು. ಅಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಗುಮ್ಮಟಗಳು ಬೆಳಕಿಗೆ ಎದುರಾಗಿ ಕಪ್ಪಾಗಿ ಮೂಡುತ್ತವೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯೋದಯ 6.48ರ ಸುಮಾರಿಗೆ, ಅದೂ ಪೂರ್ವದಿಂದ 25 ಡಿಗ್ರಿ ದಕ್ಷಿಣಕ್ಕೆ ಸರಿದು. ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಬೇಸಿಗೆಯಲ್ಲಿ ಯಾರೋ ತೆಗೆದ ಚಿತ್ರ ನೋಡಿ ಚಳಿಗಾಲದಲ್ಲಿ ಅದೇ ಕಲ್ಲಿನ ಮೇಲೆ ನಿಂತರೆ ಸೂರ್ಯ ಬೇರೆಲ್ಲೋ ಹುಟ್ಟುತ್ತಾನೆ. ಚಳಿಗಾಲದ ಹುಣ್ಣಿಮೆಯ ಚಂದ್ರ ಇದಕ್ಕೆ ತದ್ವಿರುದ್ಧ, ಪೂರ್ವದಿಂದ ಉತ್ತರಕ್ಕೆ ಸರಿದು ಏಳುತ್ತಾನೆ. ಸೂರ್ಯನನ್ನೂ ಚಂದ್ರನನ್ನೂ ಒಂದೇ ಗುಮ್ಮಟದ ಹಿಂದೆ ಇಡುತ್ತೇನೆಂದರೆ ಒಂದೇ ಜಾಗದಿಂದ ಆಗದು, ನಡೆದು ಸ್ಥಳ ಬದಲಿಸಬೇಕು.

ಅಷ್ಟೂರಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿನದು ಹುಮಾಯೂನ್ ಶಾಹನ ಗೋರಿ. ಸಿಡಿಲು ಬಡಿದು ಗುಮ್ಮಟ ಸೀಳಿಹೋಗಿದೆ, ಗೋಡೆಯ ದಪ್ಪ, ಗುಮ್ಮಟದ ಬಾಗು ಎಲ್ಲ ಕತ್ತರಿಸಿ ಇಟ್ಟ ಹಾಗೆ ಕಾಣುತ್ತದೆ. ಕಟ್ಟಡವೇ ಕಂದರವಾದಂತಿದೆ. ಇದಕ್ಕೆ ಬೆಳಗಿನ ಎಂಟರ ಓರೆ ಬಿಸಿಲು ಚೆನ್ನ. ಬೀದರ್‌ಗೆ ರಾಜಧಾನಿ ತಂದ ಅಹಮದ್ ಶಾಹ ವಲಿಯ ಗೋರಿಯ ಒಳಗೆ ಬಣ್ಣದ ಚಿತ್ತಾರ, ಬಂಗಾರದ ಬರಹ ಇದೆ. ಒಳಗೆ ಕತ್ತಲು. ಐಎಸ್‌ಒ ಏರಿಸಿ, ಫ್ಲಾಷ್ ಬೇಡ. ಹಿಂದೂ ಭಕ್ತರು ಅಲ್ಲಮಪ್ರಭು ಎಂದು, ಮುಸ್ಲಿಮರು ವಲಿ ಎಂದು ಕೈಮುಗಿಯುವ ಜಾಗ ಅದು, ಪ್ರಾರ್ಥನೆಯಲ್ಲಿರುವವರ ಮುಖಕ್ಕೆ ಲೆನ್ಸ್ ತಿರುಗಿಸಬೇಡಿ.

ಸಂಜೆಗೆ ಪಟ್ಟಣದ ಪಶ್ಚಿಮದ ಬರೀದ್ ಶಾಹಿ ಸುಲ್ತಾನರ ಗೋರಿಗಳು. 1580ರಲ್ಲಿ ತೀರಿಕೊಂಡ ಅಲಿ ಬರೀದನ ಗೋರಿಗೆ ನಾಲ್ಕೂ ಕಡೆ ತೆರೆದ ಕಮಾನು. ಮುಳುಗುವ ಸೂರ್ಯ ಒಂದು ಕಮಾನಿನಿಂದ ಹೊಕ್ಕು ಇನ್ನೊಂದರಿಂದ ಹೊರಬೀಳುತ್ತಾನೆ. ಮಹಮೂದ್ ಗವಾನನ 1472ರ ಮದರಸಾ ಭೂದೃಶ್ಯವಲ್ಲ, ಆದರೂ ಉಳಿದ ಮಿನಾರಿನ ಬಣ್ಣದ ಹಂಚಿನ ಚೂರುಗಳಿಗೆ ಅರ್ಧ ಗಂಟೆ ಕೊಡಿ.

ಔರಾದದಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಬೀದರ್‌ನಿಂದ ಉತ್ತರಕ್ಕೆ ಜನವಾಡ ದಾಟಿ, ಕೌಠಾದ ಹತ್ತಿರ ಮಾಂಜ್ರಾ ನದಿಯ ಸೇತುವೆ ದಾಟಿ, ಸಂತಪುರದ ಮೇಲೆ ಹೋಗುವ ದಾರಿ. ಕೆಂಪು ಕಲ್ಲು ಮುಗಿದು ಕಪ್ಪು ಎರೆ ಭೂಮಿ ಶುರು. ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ ಗೋದಾವರಿ ಸೇರುವ ಮಾಂಜ್ರಾ ಭಾಲ್ಕಿಗೂ ಔರಾದಕ್ಕೂ ನಡುವೆ ಸುತ್ತಿಬಳಸಿ ಹರಿಯುತ್ತದೆ. ಚಳಿಗಾಲದ ಮುಂಜಾನೆ ಅದರ ತಗ್ಗಿನಲ್ಲಿ ಮಂಜು ಕೂಡುತ್ತದೆ. ಸೇತುವೆಯ ಮೇಲೆ ಲಾರಿಗಳ ಓಡಾಟವಿದೆ, ವಾಹನ ಆಚೆ ನಿಲ್ಲಿಸಿ ದಂಡೆಗೆ ಇಳಿಯುವುದೇ ಮೇಲು. ಮಂಜು ಬಿಸಿಲು ಏರಿದಂತೆ ಕರಗುತ್ತದೆ, ಎಂಟರೊಳಗೆ ಕೆಲಸ ಮುಗಿಯಬೇಕು.

ಎರೆ ಹೊಲದ ಫೋಟೊ ತೆಗೆಯುವುದು ಕಂದಕಕ್ಕಿಂತ ಕಷ್ಟ. ಗುಡ್ಡವಿಲ್ಲ, ಗೋಡೆಯಿಲ್ಲ, ಕಣ್ಣು ನಿಲ್ಲುವ ಗುರುತಿಲ್ಲ. ತೊಗರಿ, ಕಡಲೆ, ಜೋಳ, ಕುಸುಬೆ ಇವುಗಳ ಪಟ್ಟಿಗಳೇ ಚಿತ್ರ. ಒಂಟಿ ಬೇವಿನ ಮರವನ್ನೋ ಜಾಲಿಯನ್ನೋ ಹುಡುಕಿಕೊಂಡು, ದಿಗಂತವನ್ನು ಚೌಕಟ್ಟಿನ ತೀರ ಕೆಳಗೆ ಇಟ್ಟು, ಉಳಿದದ್ದನ್ನು ಆಕಾಶಕ್ಕೆ ಬಿಡಿ. ಹೊಲಕ್ಕೆ ಕಾಲಿಡುವ ಮುಂಚೆ ಕೇಳುವುದು ಮರ್ಯಾದೆ. “ಕಾಕಾ, ಹೊಲದಾಗ ಒಂದ್ ಫೋಟೊ ತಗೋಬಹುದೇನ್ರಿ?” ಎಂದರೆ “ತಗೋರಿ, ಕಡ್ಲಿ ತುಳಿಬ್ಯಾಡ್ರಿ ಅಷ್ಟ” ಎಂಬಂಥ ಉತ್ತರ ಬರುತ್ತದೆ, ಬೆನ್ನಿಗೇ ಚಹಾದ ಕರೆಯೂ. ಮಳೆ ಬಿದ್ದ ಮೇಲೆ ಎರೆಯ ದಾರಿಗೆ ಕಾರು ಇಳಿಸಬೇಡಿ. ಅದು ಗಾಲಿಯನ್ನು ಹಿಡಿದರೆ ಟ್ರ್ಯಾಕ್ಟರ್ ಬರುವವರೆಗೆ ಬಿಡುವುದಿಲ್ಲ. ಚಿಗರಿ ಹಿಂಡು ಕಂಡರೆ ದೂರದಿಂದಲೇ ತೆಗೆಯಿರಿ, ಹಿಂದೆ ಓಡಿಸಿದರೆ ಅವು ಬೆಳೆಯ ಮೇಲೆಯೇ ಓಡುತ್ತವೆ, ರೈತರಿಗೆ ಅವುಗಳ ಕಾಟ ಮೊದಲೇ ಸಾಕಾಗಿದೆ.

ಒಂದೇ ದಿನ ಔರಾದಕ್ಕೆ ಕೊಡುವುದಾದರೆ ಎಳ್ಳ ಅಮಾವಾಸ್ಯೆಯನ್ನು ಆರಿಸಿಕೊಳ್ಳಿ. ಡಿಸೆಂಬರ್–ಜನವರಿಯಲ್ಲಿ ಬರುವ ಹಬ್ಬ. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ, ಪಾಂಡವರ ಪೂಜೆ, ಚರಗ, ಗಿಡದಡಿ ಭಜ್ಜಿ, ರೊಟ್ಟಿ, ಅಂಬಲಿ. ಖಾಲಿ ಬಯಲಿಗೆ ಮನುಷ್ಯರು ಬಂದಾಗಲೇ ಅದರ ಅಳತೆ ಚಿತ್ರದಲ್ಲಿ ತಿಳಿಯುವುದು. ಊಟಕ್ಕೆ ಕರೆದರೆ ಕುಳಿತುಕೊಳ್ಳಿ, ಕ್ಯಾಮೆರಾ ಪಕ್ಕಕ್ಕಿಡಿ. ಅಮಾವಾಸ್ಯೆಯಾದ್ದರಿಂದ ರಾತ್ರಿ ಚಂದ್ರನ ಕಾಟವೂ ಇಲ್ಲ. ಇಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ 18 ಡಿಗ್ರಿ ಮಾತ್ರ ಮೇಲೆ ಇರುತ್ತದೆ. ಒಂಟಿ ಮರದ ದಕ್ಷಿಣಕ್ಕೆ ನಿಂತು ಮೂವತ್ತು ಸೆಕೆಂಡಿನ ಫೋಟೊಗಳನ್ನು ಬಿಡದೆ ಒಂದೂವರೆ ತಾಸು ತೆಗೆದು ಬೆಸೆದರೆ, ನಕ್ಷತ್ರಗಳ ಸುತ್ತು ಮರದ ನೆತ್ತಿಯ ಮೇಲೆಯೇ ಬರುತ್ತದೆ. ಹಾಲುಹಾದಿಯ ದಟ್ಟ ಭಾಗ ಆ ತಿಂಗಳು ಸಿಗದು, ಅದಕ್ಕೆ ಮಾರ್ಚ್–ಏಪ್ರಿಲ್‌ನ ನಸುಕು ಬೇಕು. ಚಳಿ ಚುರುಕಾಗಿರುತ್ತದೆ. ರಾಜ್ಯದ ಅತಿ ತಂಪು ರಾತ್ರಿಗಳ ಪಟ್ಟಿಯಲ್ಲಿ ಬೀದರ್ ಹೆಸರು ಮತ್ತೆಮತ್ತೆ ಬರುವುದು ಸುಮ್ಮನೆ ಅಲ್ಲ. ಬ್ಯಾಟರಿಗಳನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.

ಭಾಲ್ಕಿಗೆ ನೀರಿಗಾಗಿ ಹೋಗಬೇಕು. ಮಾಂಜ್ರಾದ ಉಪನದಿ ಕಾರಂಜಾಕ್ಕೆ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಅಣೆಕಟ್ಟು ಕಟ್ಟಿದ್ದಾರೆ. ಹಿನ್ನೀರು ಹರಡಿಕೊಂಡಿರುವ ಕಡೆ ದಂಡೆ ತೀರ ಸಮತಟ್ಟು. ಮಳೆಗಾಲ ಕಳೆದು ನೀರು ಹಿಂದೆ ಸರಿಯುತ್ತಿದ್ದಂತೆ ಒಣಗುವ ಕೆಸರಿನಲ್ಲಿ ಬಿರುಕು ಬಿಡುತ್ತದೆ. ಫೆಬ್ರವರಿಯ ಹೊತ್ತಿಗೆ ಕಾಲಡಿ ಬಿರುಕಿನ ಜಾಲ, ಎದುರು ನೀರು, ಅದರಾಚೆ ಮುಳುಗುವ ಸೂರ್ಯ. ವೈಡ್ ಲೆನ್ಸಿಗೆ ಕೊನೆಗೂ ಕೆಲಸ ಸಿಗುವುದು ಇಲ್ಲಿ. ಬಿರುಕಿನ ಮೇಲ್ಪದರ ಒಣಗಿದ್ದರೂ ಕೆಳಗೆ ಹಸಿ ಇರುತ್ತದೆ, ಕೋಲಿನಿಂದ ಒತ್ತಿ ನೋಡಿಯೇ ಹೆಜ್ಜೆ ಇಡಿ. ಅಣೆಕಟ್ಟಿನ ಕಟ್ಟಡವನ್ನು ತೆಗೆಯುವ ಮುನ್ನ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಭಾಲ್ಕಿ ಊರೊಳಗಿನ ಹಳೆಯ ಕೋಟೆ ಮನೆಗಳ ನಡುವೆ ಸಿಕ್ಕಿಕೊಂಡಿದೆ, ಭೂದೃಶ್ಯದವರಿಗೆ ಅಷ್ಟೇನೂ ಒದಗದು.

ಪ್ರಯಾಣ ಸುಲಭ. ಬೆಂಗಳೂರಿನಿಂದ ಬೀದರ್‌ಗೆ ರಾತ್ರಿ ರೈಲು ಇದೆ. 2017ರಲ್ಲಿ ಕಲಬುರಗಿ–ಬೀದರ್ ಮಾರ್ಗ ತೆರೆದ ಮೇಲೆ ಆ ಕಡೆಯಿಂದಲೂ ಬರಬಹುದು. ಹೈದರಾಬಾದ್‌ನಿಂದ ರಸ್ತೆಯಲ್ಲಿ 140 ಕಿಲೊಮೀಟರಿನಷ್ಟು. ಭಾಲ್ಕಿಗೆ ರೈಲಿದೆ, ಔರಾದಕ್ಕಿಲ್ಲ. ಎರಡಕ್ಕೂ ಬೀದರ್‌ನಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ, ಆದರೆ ನಸುಕಿನ ನಾಲ್ಕೂವರೆಗೆ ಮಾಂಜ್ರಾ ದಂಡೆಯಲ್ಲಿ ಬಸ್ಸು ಇಳಿಸುವುದಿಲ್ಲ. ಒಂದು ಕಾರನ್ನು ಚಾಲಕನ ಸಮೇತ ಗೊತ್ತು ಮಾಡಿಕೊಳ್ಳಿ, ಊರಿನವನೇ ಆದರೆ ಒಳ್ಳೆಯದು. ತಂಗಲು ಬೀದರ್ ಪಟ್ಟಣವೇ ಸರಿ, ಮೂರು ರಾತ್ರಿ ಅಲ್ಲೇ ಇದ್ದು ಹೋಗಿಬಂದು ಮಾಡುವುದು ಊರೂರಿಗೆ ಸಾಮಾನು ಹೊರುವುದಕ್ಕಿಂತ ಹಗುರ.

ಮೂರು ದಿನ ಇಲ್ಲದವರು, ಹೈದರಾಬಾದ್‌ನಿಂದ ಒಂದೇ ಭಾನುವಾರಕ್ಕೆ ಬರುವವರು, ಔರಾದ ಭಾಲ್ಕಿ ಎರಡನ್ನೂ ಬಿಟ್ಟುಬಿಡಲಿ. ನಸುಕಿಗೆ ಚೌಖಂಡಿ, ಎಂಟಕ್ಕೆ ಅಷ್ಟೂರು, ಹತ್ತಕ್ಕೆ ನಾಷ್ಟಾ, ಹನ್ನೊಂದರಿಂದ ಎರಡರವರೆಗೆ ಕಂದಕ, ಊಟ ತಡವಾಗಿ, ಸಂಜೆ ಬರೀದ್ ಶಾಹಿ. ಮೋಡ ಕವಿದರೆ ಕಂದಕಕ್ಕೆ ಕೊಟ್ಟ ಹೊತ್ತನ್ನು ಮದರಸಾಕ್ಕೆ ಕೊಡಿ, ಏಕೆಂದರೆ ಬಿಸಿಲಿಲ್ಲದ ದಿನ ಆ ಗೋಡೆಗಳಿಗೆ ಎರಚಲು ಬಣ್ಣವೇ ಇರುವುದಿಲ್ಲ, ಹಂಚಿನ ನೀಲಿಗಾದರೋ ಮೋಡದ ಬೆಳಕೇ ಹಿತ.